ರಾಮಸಮುದ್ರದಲ್ಲಿ ಒಂದು ಶಾವಿಗೆಯ ಹಗಲು

ಭೀಮಾನದಿಯ ದಂಡೆಯ ಯಾದಗಿರಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಕೋಟೆಯ ಗುಡ್ಡವನ್ನು ಹತ್ತಿ ಇಳಿಯುತ್ತಾರೆ. ಉತ್ಸಾಹ ಉಳಿದವರು ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದಂತೆ ಕಾಣುವ ಬುದ್ಧನನ್ನು ದೂರದಿಂದ ನೋಡಿ, ನಾಯಕ ಅರಸರ ಸುರಪುರವನ್ನು ಸುತ್ತಿ, ರಾತ್ರಿಯ ರೈಲು ಹಿಡಿಯುತ್ತಾರೆ. ಸಂಕ್ರಾಂತಿಗೆ ಬಂದವರಾದರೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರದ ಹಳದಿಯಲ್ಲಿ ಮಿಂದು ಹೋಗುತ್ತಾರೆ. ಅದೇ ತಾಲ್ಲೂಕಿನ ರಾಮಸಮುದ್ರವನ್ನು ನೋಡಲೆಂದೇ ಬಂದವನೊಬ್ಬನನ್ನೂ ನಾನು ಇದುವರೆಗೆ ಕಂಡಿಲ್ಲ. ಹೆಸರನ್ನು ಕೇಳಿ ಸಮುದ್ರವನ್ನು ಹುಡುಕಹೊರಟರೆ ನಿರಾಶೆ ಖಂಡಿತ. ನಮ್ಮ ನಾಡಿನಲ್ಲಿ ಊರ ಹೆಸರಿನ ಕೊನೆಗೆ ‘ಸಮುದ್ರ’ ಎಂಬುದು ಬಂದರೆ ಅದು ಸಾಧಾರಣವಾಗಿ ಕೆರೆಯ ಗೌರವನಾಮ. ನೀರನ್ನು ಕಂಡವರು ಅದಕ್ಕೆ ಎಷ್ಟು ದೊಡ್ಡ ಹೆಸರನ್ನಾದರೂ ಇಡುವಂಥ ಸೀಮೆ ಇದು.

ನಾನು ಅಲ್ಲಿಗೆ ಹೋದದ್ದು ನೀರಿಗಾಗಿಯೂ ಅಲ್ಲ, ಶಾಸನಕ್ಕಾಗಿಯೂ ಅಲ್ಲ, ಶಾವಿಗೆಗಾಗಿ.

2025ರ ಪಂಚಾಂಗ ಅಧ್ಯಾಪಕ ವರ್ಗಕ್ಕೆ ಒಂದು ಸಣ್ಣ ಅನ್ಯಾಯವನ್ನು ಮಾಡಿತ್ತು. ಯುಗಾದಿ ಬಿದ್ದದ್ದು ಮಾರ್ಚಿ 30, ಆದಿತ್ಯವಾರ. ಮರುದಿನ ಸೋಮವಾರ ರಂಜಾನ್. ಎರಡು ಹಬ್ಬ ಸೇರಿದರೂ ಸಿಕ್ಕದ್ದು ಒಂದೇ ರಜೆ! ಪರಊರಿಗೆ ಹೋಗಿಬರಲು ಸಾಲದು. ಆದುದರಿಂದ ಮನೆಯಲ್ಲೇ ಇದ್ದು ಹಬ್ಬ ಮಾಡುವುದೆಂದು ನಿಶ್ಚಯವಾಯಿತು. ಆಗ ನಮ್ಮ ಎಂಟು ವರ್ಷದ ಮಗರಾಯ ತನ್ನ ಬೇಡಿಕೆಯನ್ನು ಮುಂದಿಟ್ಟ: ಹೋಳಿಗೆ ಬೇಡ, ಪಾಸ್ತಾ ಬೇಕು. ಕಲಬುರಗಿಯ ದೊಡ್ಡ ಅಂಗಡಿಯೊಂದರಲ್ಲಿ ಅವನ ಒತ್ತಾಯಕ್ಕೆ ಇಟಲಿಯ ಪಾಸ್ತಾದ ಅರ್ಧ ಕಿಲೋ ಪೊಟ್ಟಣವನ್ನು ಹಿಂದೊಮ್ಮೆ 180 ರೂಪಾಯಿ ಕೊಟ್ಟು ತಂದಿದ್ದೆ. ಆ ಪೊಟ್ಟಣದ ನೆನಪು ನನ್ನ ಹೆಂಡತಿಗೆ ಇನ್ನೂ ಆರಿರಲಿಲ್ಲ. ಅವಳು ಕೇಳಿದಳು: “ಅದು ಶಾವಿಗಿ ಅಲ್ಲದ ಮತ್ತೇನ್ರೀ? ಮಾತು ಬ್ಯಾರೆ ಅಂದ ಮಾತ್ರಕ್ಕ ಗೋಧಿ ಬ್ಯಾರೆ ಆಗ್ತದೇನು?”

ಕನ್ನಡದ ಅಧ್ಯಾಪಕನಾದವನು ಉತ್ತರಿಸಲೇಬೇಕಾದ ಪ್ರಶ್ನೆ. ಹೋಳಿ ಹುಣ್ಣಿಮೆ ಕಳೆದ ಆದಿತ್ಯವಾರ ಬೆಳಿಗ್ಗೆ ರಾಮಸಮುದ್ರದ ಬಸ್ಸು ಹತ್ತಿದೆ. ನಮ್ಮ ಕಾಲೇಜಿನಲ್ಲಿ ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳು, ತಮ್ಮ ಮನೆಯಲ್ಲಿ ಅಂದು ಶಾವಿಗೆ ಹೊಸೆಯುವರೆಂದು ಹೇಳಿದ್ದಳು. ಬಸ್ಸಿನ ತುಂಬ ಹೆಂಗಸರು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದಂದಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಡುವ ಗಂಡಸರು ಅಲ್ಪಸಂಖ್ಯಾತರಾಗಿದ್ದೇವೆ. ಎದುರಿನಿಂದ ಯಾದಗಿರಿಯತ್ತ ಹೋಗುವ ಬಸ್ಸು ಒಂದು ನಿಲ್ದಾಣದಲ್ಲಿ ನಿಂತಾಗ, ಅದರೊಳಗೂ ಹೆಂಗಸರೇ. ಕೆಲವರ ಮಡಿಲಲ್ಲಿ ಹಿಟ್ಟಿನ ಚೀಲ. ಪೇಟೆಯಲ್ಲಿ ಶಾವಿಗೆಯ ಯಂತ್ರವುಂಟು. ರವೆ ಕೊಟ್ಟು, ಕಿಲೋ ಲೆಕ್ಕದಲ್ಲಿ ಕೂಲಿ ತೆತ್ತರೆ ಸಂಜೆಗೆ ಶಾವಿಗೆ ಕೈಗೆ ಬರುತ್ತದೆ. ಹಳ್ಳಿಯ ಶಾವಿಗೆಮಣೆಗೆ ಪುಕ್ಕಟೆ ಬಸ್ಸು ಹೀಗೊಂದು ಪ್ರತಿಸ್ಪರ್ಧಿಯನ್ನು ಹತ್ತಿರಕ್ಕೆ ತಂದಿತೆಂದು ಆ ಯೋಜನೆಯನ್ನು ಹಾಕಿಕೊಟ್ಟವರು ಊಹಿಸಿರಲಾರರು.

ರಸ್ತೆಯ ಎರಡು ಕಡೆಗೂ ಹತ್ತಿಯ ಒಣಗಿದ ಗಿಡ, ತೊಗರಿಯ ಕಟ್ಟಿಗೆಯ ರಾಶಿ, ನಡುನಡುವೆ ಯಾರೋ ಪೇರಿಸಿಟ್ಟು ಮರೆತಂತಹ ಬಂಡೆಗುಡ್ಡಗಳು. ಗೋಧಿಯ ಹೊಲ ನನ್ನ ಕಣ್ಣಿಗೆ ಬೀಳಲಿಲ್ಲ. ಈ ಭಾಗದ ನಿತ್ಯದ ಅನ್ನ ಜೋಳದ ರೊಟ್ಟಿ. ಗೋಧಿ ಹಬ್ಬದ ಧಾನ್ಯ, ಬೀಗರು ಬಂದಾಗಿನ ಧಾನ್ಯ. ಆದ್ದರಿಂದಲೇ ಅದರಿಂದ ಮಾಡುವ ಪದಾರ್ಥಕ್ಕೆ ಇಷ್ಟು ಸಡಗರ.

ನಾನು ಹೋದಾಗ ಏಳು ಗಂಟೆ ದಾಟಿತ್ತು. ಅಂಗಳದ ಬೇವಿನ ನೆರಳಿನಲ್ಲಿ ಕೆಲಸ ಆಗಲೇ ಆರಂಭವಾಗಿತ್ತು. ಹುಡುಗಿಯ ಅಜ್ಜಿ ನನ್ನನ್ನು ಕಂಡು, “ಬರ್ರಿ ಸರ, ನೆಳ್ಳಾಗ ಕುಂದರ್ರಿ. ಶಾವಿಗಿ ನೋಡ್ಲಾಕ ಯಾದಗಿರಿಯಿಂದ ಬಂದೀರಂದ್ರ ನಮಗ ನಗಿ ಬರ್ತದ” ಎಂದು ನಿಜವಾಗಿಯೂ ನಕ್ಕರು. ಮನೆಯ ಸೊಸೆ, ಎದುರುಮನೆಯ ಹೆಂಗಸೊಬ್ಬರು, ಪಕ್ಕದ ಮನೆಯ ಖಾಲಾ, ಅಜ್ಜಿ—ಹೀಗೆ ನಾಲ್ವರು. ನಮ್ಮ ವಿದ್ಯಾರ್ಥಿನಿ ಐದನೆಯವಳು. ಆದರೆ ಅಜ್ಜಿ ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. “ಅದು ಕಲೀಲಾಕತ್ತದ” ಎಂದು ನಪುಂಸಕಲಿಂಗದಲ್ಲಿಯೇ ಮಾತು ಮುಗಿಸಿಬಿಟ್ಟರು.

ಕೆಲಸ ಹಿಂದಿನ ದಿನವೇ ಅರ್ಧ ಮುಗಿದಿತ್ತು. ಐದು ಕಿಲೋ ಗಟ್ಟಿ ಗೋಧಿಗೆ ನೀರು ಚಿಮುಕಿಸಿ, ನೆರಳಲ್ಲಿ ಆರಿಸಿ, ಒಡೆಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ತೌಡನ್ನೂ ದಪ್ಪ ರವೆಯನ್ನೂ ಬೇರ್ಪಡಿಸಿದ ಮೇಲೆ ಸುಮಾರು ಮೂರು ಕಿಲೋ ನಯವಾದ ರವೆ ದೊರಕಿತ್ತು. ದಪ್ಪನೆಯದು ಉಪ್ಪಿಟ್ಟಿಗೆ, ತೌಡು ದನಕ್ಕೆ. ಬೆಳಗಿನ ಜಾವ ಆ ರವೆಗೆ ಉಪ್ಪುನೀರು ಬೆರಸಿ, ಗಟ್ಟಿಯಾಗಿ ನಾದಿ, ಒದ್ದೆ ಅರಿವೆ ಮುಚ್ಚಿ ನೆನೆಯಿಟ್ಟು, ಅನಂತರ ಒರಳಿನಲ್ಲಿ ಕುಟ್ಟಿದ್ದರು. ಕುಟ್ಟುವುದೇ ಇಲ್ಲಿಯ ಗುಟ್ಟು. ಗೋಧಿಯಲ್ಲಿರುವ ಸಾರಾಂಶ ನೀರನ್ನು ಹೀರಿ, ಪೆಟ್ಟು ತಿಂದಂತೆಲ್ಲ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಮುಂದೆ ಕುದಿಯುವ ನೀರಿನಲ್ಲಿ ಶಾವಿಗೆ ಅಂಬಲಿಯಾಗದೆ ಎಳೆಯೆಳೆಯಾಗಿ ನಿಲ್ಲುವುದು ಈ ಬಲೆಯ ಬಲದಿಂದ.

ಶಾವಿಗೆಮಣೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಅದು ಉದ್ದವಾದ, ಕಿರಿದಾದ ಮರದ ಹಲಗೆ. ಮೈಮೇಲೆ ಉದ್ದಕ್ಕೂ ಸಣ್ಣ ಗೆರೆಗಳು. ಒಂದು ತುದಿಯನ್ನು ಎತ್ತರಕ್ಕೆ ಒರಗಿಸಿ, ಹೊಸೆಯುವವರು ಅದರ ಮೇಲೆ ಕುದುರೆ ಹತ್ತಿದಂತೆ ಕುಳಿತುಕೊಳ್ಳುತ್ತಾರೆ. ಎಣ್ಣೆ ಸವರಿದ ಕಣಕದ ಸುರುಳಿಯನ್ನು ಗೆರೆಗಳ ಮೇಲಿಟ್ಟು ಅಂಗೈಯಿಂದ ಹೊಸೆದರೆ ಹಿಟ್ಟು ನೂಲಾಗಿ ಕೆಳಗಿಳಿಯುತ್ತದೆ. ಇಳಿದ ನೂಲನ್ನು ಮತ್ತೊಬ್ಬರು ಹರಿಯಗೊಡದೆ ಹಿಡಿಯಬೇಕು, ಮೂರನೆಯವರು ಕೋಲಿನ ಮೇಲೆ ಸಾಲಾಗಿ ಇಳಿಬಿಡಬೇಕು, ನಾಲ್ಕನೆಯವರು ಕಣಕವನ್ನು ನಾದಿ ನಾದಿ ಒದಗಿಸುತ್ತಿರಬೇಕು. ಒಬ್ಬರ ಕೈ ನಿಧಾನವಾದರೆ ಉಳಿದ ಮೂವರ ಕೈಯೂ ನಿಲ್ಲುತ್ತದೆ. ಒಬ್ಬಂಟಿಯಾಗಿ ಮಾಡಲು ಬಾರದ ಅಡಿಗೆಯೆಂದರೆ ಇದೊಂದೇ ಇರಬೇಕು.

ಅಂದು ಖಾಲಾ ರೋಜಾದಲ್ಲಿದ್ದರು. ಹೊತ್ತು ಏರಿದಂತೆ ಉಳಿದವರು ನಡುನಡುವೆ ತಂಬಿಗೆಯೆತ್ತಿ ನೀರು ಕುಡಿದರು. ಅವರು ಮಾತ್ರ ತುಟಿ ಒದ್ದೆಮಾಡದೆ ಹನ್ನೆರಡರವರೆಗೂ ಮಣೆಯ ಮೇಲೆ ಕುಳಿತು ಹೊಸೆದರು. ಅಜ್ಜಿ ಎರಡು ಸಲ, “ಏಳs ಖಾಲಾ, ನಾ ಹೊಸೀತೀನಿ, ನೀ ಸುಮ್ಮ ಎಳಿ ಹಿಡಿ” ಎಂದರು. ಅವರು ಏಳಲಿಲ್ಲ. ಅವರ ಕೈಯ ಎಳೆಯೇ ಎಲ್ಲರದಕ್ಕಿಂತ ಸಣ್ಣದು ಎಂಬುದು ಎಲ್ಲರಿಗೂ ಗೊತ್ತಿತ್ತು. ಬಹುಶಃ ಅವರಿಗೂ ಗೊತ್ತಿತ್ತು. ಈ ಶಾವಿಗೆಯಲ್ಲಿ ಅವರ ಪಾಲು ರಂಜಾನಿನ ಸುರಕುಂಬಕ್ಕೆ. ಮನೆಯವರ ಪಾಲು ಯುಗಾದಿಗೆ. ಪೇಟೆಯಲ್ಲಿ ಅದಕ್ಕೆ ಶೀರ್ ಖುರ್ಮಾ ಎನ್ನುತ್ತಾರೆ: ಹಾಲು, ಒಣಖರ್ಜೂರ, ತುಪ್ಪದಲ್ಲಿ ಹುರಿದ ಶಾವಿಗೆ.

ಹಾಗಾದರೆ ನನ್ನ ಹೆಂಡತಿಯ ಪ್ರಶ್ನೆ? ಉತ್ತರ ಬಹುಮಟ್ಟಿಗೆ ಅವಳ ಕಡೆಗೇ ವಾಲುತ್ತದೆ. ಇಟಲಿಯಲ್ಲಿ 1967ರ ಕಾನೂನಿನ ಪ್ರಕಾರ ಒಣಪಾಸ್ತಾ ಎಂದು ಮಾರುವ ಪದಾರ್ಥವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ಬೀಸಿದರೆ ಹಿಟ್ಟಾಗುವುದಕ್ಕಿಂತ ರವೆಯಾಗಿ ಒಡೆಯುವ, ಜೇನಿನ ಬಣ್ಣದ ಈ ಗೋಧಿ ನಮಗೆ ಪರಕೀಯವಲ್ಲ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಮಳೆಯ ಹಸಿಯನ್ನೇ ನಂಬಿ ಬಹುಕಾಲ ಬೆಳೆದ ‘ಬಿಜಗ ಯೆಲ್ಲೊ’ ತಳಿ ಡ್ಯೂರಮ್ ಜಾತಿಯದೇ. ಸಿಪ್ಪೆ ಬಿಡದ ಸದಕವೆಂಬ ಇನ್ನೊಂದು ಪ್ರಾಚೀನ ಗೋಧಿಯೂ ನಮ್ಮಲ್ಲಿ ಉಳಿದುಕೊಂಡಿದೆ. ಮೈಸೂರು ಸೀಮೆಯ ಅಕ್ಕಿಯ ಒತ್ತುಶಾವಿಗೆಯ ದಾರಿ ಬೇರೆ. ಅದು ಬೆಂದ ಹಿಟ್ಟನ್ನು ಒತ್ತಿದ್ದು. ಹಸಿ ರವೆಯ ಕಣಕವನ್ನು ಎಳೆದು, ಬಿಸಿಲಿಗೆ ಒಣಗಿಸಿ, ಬೇಕಾದಾಗ ಬೇಯಿಸಿ ಬಸಿಯುವ ವಿದ್ಯೆಯಲ್ಲಿ ಯಾದಗಿರಿಗೂ ಇಟಲಿಗೂ ಹತ್ತಿರದ ನಂಟು.

ಈ ವಿದ್ಯೆಯನ್ನು ಮಾರ್ಕೊ ಪೋಲೊ 1295ರಲ್ಲಿ ಚೀನಾದಿಂದ ವೆನಿಸ್ಸಿಗೆ ತಂದನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಪ್ರಚಾರ ದೊರೆತದ್ದು 1929ರಲ್ಲಿ, ಅಮೆರಿಕದ ಪಾಸ್ತಾ ವ್ಯಾಪಾರಿಗಳ ಪತ್ರಿಕೆಯೊಂದರಿಂದ! ಪೋಲೊ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, 1154ರಲ್ಲಿ, ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿಯ ತ್ರಾಬಿಯಾ ಎಂಬಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಹಡಗು ತುಂಬ ಹೊರನಾಡಿಗೆ ಕಳಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನಮ್ಮ ಕಡೆಯ ಸಾಕ್ಷ್ಯ ಬೇಕೆಂದರೆ, ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ವೆಂಬ ವೈದ್ಯಗ್ರಂಥದಲ್ಲಿ ‘ಸೇವಿಕಾ’ ಎಂಬ ಭಕ್ಷ್ಯವನ್ನು ವಿವರಿಸುತ್ತಾನೆ. ಗೋಧಿಯ ಹಿಟ್ಟನ್ನು ಜವೆಯ ಕಾಳಿನಂತೆ ಸಣ್ಣ ಬತ್ತಿಗಳಾಗಿ ಹೊಸೆದು, ಒಣಗಿಸಿ, ಹಾಲಿನಲ್ಲಿ ಬೇಯಿಸಿ, ತುಪ್ಪ ಸಕ್ಕರೆಯೊಡನೆ ಉಣ್ಣಬೇಕಂತೆ. ನಮ್ಮ ಕಡೆಯ ಹೆಂಗಸರು ಬೆರಳ ತುದಿಯಲ್ಲಿ ಹೊಸೆಯುವ ಗವಲಿ ಇದಲ್ಲದೆ ಇನ್ನೇನು?

ಸಾರ್ದೀನಿಯಾ ದ್ವೀಪದ ನೂವೊರೊ ಪ್ರಾಂತದಲ್ಲಿ ‘ದೇವರ ನೂಲು’ ಎಂಬ ಅರ್ಥದ ಹೆಸರುಳ್ಳ ಒಂದು ಪಾಸ್ತಾ ಇದೆ. ಕಣಕದ ಹಗ್ಗವನ್ನು ಎಳೆದು ಮಡಿಸುತ್ತಾರೆ, ಮತ್ತೆ ಎಳೆದು ಮಡಿಸುತ್ತಾರೆ. ಎಂಟು ಸಲಕ್ಕೆ 256 ಎಳೆ. ದುಂಡನೆಯ ತಟ್ಟೆಯ ಮೇಲೆ ಮೂರು ಪದರ ಹಾಸಿ ಬಿಸಿಲಿಗೆ ಒಣಗಿಸಿ, ಲೂಲಾ ಎಂಬ ಹಳ್ಳಿಯ ಸಂತನ ಜಾತ್ರೆಗೆ ಕಾಲ್ನಡಿಗೆಯಲ್ಲಿ ಬಂದ ಯಾತ್ರಿಕರಿಗೆ ಕುರಿಮಾಂಸದ ಸಾರಿನಲ್ಲಿ ಬಡಿಸುತ್ತಾರೆ. ಇದನ್ನು ಬಲ್ಲವರು ಅಲ್ಲಿಯೂ ಬೆರಳೆಣಿಕೆಯ ಹೆಂಗಸರು. ಇದನ್ನು ನಾನು ಅಂಗಳದಲ್ಲಿ ಹೇಳಿದಾಗ ಖಾಲಾ ಕೈ ನಿಲ್ಲಿಸದೆಯೇ ಕೇಳಿದರು: “ಅಲ್ಲೀನೂ ಹೆಣ್ಮಕ್ಕಳೇ ಹೊಸೀತಾರೇನ್ರಿ?” ಹೌದೆಂದೆ. “ಹಂಗಂದ್ರ ಎಲ್ಲಾ ಕಡೀನೂ ಹಿಂಗs” ಎಂದರು.

ಆ ಮಾತಿನಿಂದಲೇ ನನ್ನ ಲೆಕ್ಕ ಸುರುವಾಯಿತು. ಮನೆಯಲ್ಲಿ ಮಾಡಿದ್ದು ಅಗ್ಗ ಎನ್ನುತ್ತೇವೆ. ಐದು ಕಿಲೋ ಗೋಧಿಗೆ ಸುಮಾರು 200 ರೂಪಾಯಿ ಹಿಡಿದರೆ, ಮೂರು ಕಿಲೋ ಶಾವಿಗೆಯಲ್ಲಿ ಅರ್ಧ ಕಿಲೋಗೆ ಬಿದ್ದದ್ದು 33 ರೂಪಾಯಿ. ಐದು ಮಂದಿಯ ಊಟಕ್ಕೆ ಅಷ್ಟು ಸಾಕು. ಇಟಲಿಯ ಪೊಟ್ಟಣ ನಾಚಬೇಕು! ಆದರೆ ನಾಲ್ವರ ಅರ್ಧ ಹಗಲು ಎಂದರೆ ಎರಡು ಆಳಿನ ಕೂಲಿ. 2025ರ ಆ ಮಾರ್ಚಿಯಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ, ಎರಡಕ್ಕೆ 698. ಕೂಡಿಸಿದರೆ ಅರ್ಧ ಕಿಲೋ ಶಾವಿಗೆಗೆ 150 ರೂಪಾಯಿಯಾಯಿತು. ಹಿಂದಿನ ದಿನ ಅಜ್ಜಿ ಗೋಧಿ ಸೋಸಿದ್ದು ಇದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ನಾನು ಕಲಬುರಗಿಯಲ್ಲಿ ಕೊಟ್ಟ 180ಕ್ಕೆ ಮುಟ್ಟುತ್ತದೆ. ಕಡಲು ದಾಟಿ ಬಂದ ಪೊಟ್ಟಣಕ್ಕೂ ಬೇವಿನ ನೆರಳಿನ ಶಾವಿಗೆಗೂ ಇರುವ ಅಂತರವೆಲ್ಲ ಈ ಹೆಂಗಸರ ಕೈಗಳಿಗೆ ಯಾರೂ ಬೆಲೆ ಕಟ್ಟದಿರುವುದರಲ್ಲಿದೆ.

ಅವರೇ ಬೆಲೆ ಕಟ್ಟಿಕೊಂಡಿಲ್ಲವೆಂದೂ ಹೇಳುವಂತಿಲ್ಲ. ಅವರ ನಾಣ್ಯ ಬೇರೆ: ಮುಯ್ಯಿ. ಇಂದು ಇವರ ಮನೆಯಲ್ಲಿ ಹೊಸೆದವರಿಗೆ ನಾಳೆ ಅವರ ಮನೆಯಲ್ಲಿ ಕೈ ಕೊಡಬೇಕು. ಬರಹವಿಲ್ಲ, ಬಡ್ಡಿಯಿಲ್ಲ, ಮರೆಯುವಂತೆಯೂ ಇಲ್ಲ. ಆದರೆ ನಾಲ್ಕು ಕೈ ಕೂಡಿದರೆ ಮಾತ್ರ ಈ ನಾಣ್ಯ ನಡೆಯುತ್ತದೆ. “ಮದ್ಲ ಓಣಿ ತುಂಬ ಮಂದಿ ಇದ್ರು ಸರ,” ಎಂದರು ಅಜ್ಜಿ. “ಈಗ ಒಂದಷ್ಟು ಮನಿ ಬೆಂಗಳೂರಿಗೆ ಗುಳೆ ಹೋಗ್ಯಾವ, ಒಂದಷ್ಟು ಮಂದಿ ಹತ್ತಿ ಬಿಡಿಸಲಾಕ ಕೂಲಿ ಹೋಗ್ತಾರ. ಕೂಲಿ ಬಿಟ್ಟು ಬರ್ರಿ ಅಂತ ಯಾವ ಬಾಯಿಲೆ ಕರೀಲಿ?” ಮೊಮ್ಮಗಳ ಕಡೆ ನೋಡಿ, “ಇದಕ್ಕ ಪರೀಕ್ಷಾ” ಎಂದು ಸೇರಿಸಿದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ದೂರೂ ಇತ್ತು. ಹುಡುಗಿ ಕೋಲಿನ ಮೇಲೆ ಎಳೆ ಹರವುತ್ತ ತಲೆಯೆತ್ತದೆ, “ಮಷೀನ್‌ದಾಗ ಹಾಕಿಸಿದ್ರ ಏನಾಗ್ತದ ಆಯಿ?” ಎಂದಳು. “ಬಾಯಾಗ ಹಿಟ್ಟಾಗ್ತದ” ಎಂಬುದು ಅಜ್ಜಿಯ ತೀರ್ಪು. ನನ್ನ ಅಭಿಪ್ರಾಯ ಕೇಳಿದರೆ, ಹುಡುಗಿಯ ಪ್ರಶ್ನೆ ಅಜ್ಜಿಯ ಉತ್ತರಕ್ಕಿಂತ ಗಟ್ಟಿಯಾದದ್ದು. ನಾಲಗೆಯ ಸುಖಕ್ಕಾಗಿ ಇನ್ನೊಬ್ಬರು ಹಗಲೆಲ್ಲ ಮಣೆಯ ಮೇಲೆ ಕುಳಿತಿರಲೆಂದು ಬಯಸುವ ಅಧಿಕಾರ, ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತ ನನ್ನಂಥವನಿಗಂತೂ ಇಲ್ಲ.

ಹೊರಡುವಾಗ ಅಜ್ಜಿ, ಹಿಂದಿನ ವಾರ ಒಣಗಿಸಿಟ್ಟಿದ್ದ ಒಂದು ಕಿಲೋ ಶಾವಿಗೆಯನ್ನು ಹಳೆಯ ಧೋತರದ ತುಂಡಿನಲ್ಲಿ ಕಟ್ಟಿಕೊಟ್ಟರು. ಹಣ ತೆಗೆದದ್ದಕ್ಕೆ ಬೈಗಳು ತಿಂದೆ. “ಮುಯ್ಯಿ ಮಾಡ್ರಿ. ಈಕಿಗೆ ಹಳಗನ್ನಡ ತಿಳೀವಲ್ದಂತ, ನಾಕ್ ದಿನ ಹೇಳಿಕೊಡ್ರಿ” ಎಂದರು. ಕೊಡುವ ಕೂಲಿಗೂ ಕೊಳ್ಳುವ ಕೂಲಿಗೂ ಸರಿಹೊಂದಿದ ಇಂಥ ಒಪ್ಪಂದವನ್ನು ನಾನು ಹಿಂದೆ ಮಾಡಿಕೊಂಡಿರಲಿಲ್ಲ. ಹಬ್ಬದೊಳಗೆ ನಾಲ್ಕು ಸಂಜೆ ಪಂಪನ ಪಾಠವನ್ನು ನಡೆಸಿ ಸಾಲ ತೀರಿಸಿದೆ.

ಇನ್ನು ಊಟದ ಮಾತು. ಯುಗಾದಿಯ ಮಧ್ಯಾಹ್ನ ಸಂಪ್ರದಾಯದಂತೆ ಬೇವುಬೆಲ್ಲವಾದ ಮೇಲೆ ಬಸಿದ ಶಾವಿಗೆ. ಅದರ ಮೇಲೆ ಬೆಲ್ಲದ ಪುಡಿ, ತುಪ್ಪ, ಕಾಯಿಸಿದ ಹಾಲು. ನನ್ನ ತಾಯಿಗೆ ಇದಿಲ್ಲದೆ ಯುಗಾದಿಯೇ ಇಲ್ಲ. ರಾತ್ರಿಯ ಊಟ ಮಗನದು. “ಮಾಡೋದು ನೀವು, ಪಾತ್ರೆ ತೊಳೆಯೋದೂ ನೀವು” ಎಂಬ ಕರಾರಿನ ಮೇಲೆ ಅಡಿಗೆಮನೆ ನನ್ನ ವಶಕ್ಕೆ ಬಂತು. ಲೆಕ್ಕ ಕಲಿತು ಬಂದವನು ಇದಕ್ಕೆ ಒಪ್ಪದಿರುವುದು ಹೇಗೆ?

ಮಾಡಿದ ಬಗೆ ಹೀಗೆ. ಇಟಲಿಯವರ ಸೂತ್ರ ಸರಳ: ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರು ನೀರು, ಹತ್ತು ಗ್ರಾಂ ಉಪ್ಪು. ಅರ್ಧ ಕಿಲೋಗೆ ಐದು ಲೀಟರು. ನಮ್ಮ ಮನೆಯ ಅನ್ನದ ದೊಡ್ಡ ಪಾತ್ರೆಯೇ ಬೇಕಾಯಿತು. ನೀರು ಮರಳಿದ ಮೇಲೆ ಶಾವಿಗೆಯನ್ನು ಬಿಟ್ಟು, ಎರಡು ನಿಮಿಷಕ್ಕೆ ಒಂದೆಳೆ ತೆಗೆದು ಕಚ್ಚಿ ನೋಡಬೇಕು. ನಡುವೆ ಇನ್ನೂ ಹಲ್ಲಿಗೆ ಸ್ವಲ್ಪ ತಡೆಯಿದ್ದಾಗಲೇ ಬಸಿಯಬೇಕು. ಬಸಿದ ಗಂಜಿಯಲ್ಲಿ ಒಂದು ಲೋಟ ತೆಗೆದಿರಿಸಬೇಕು. ಇದನ್ನು ಚೆಲ್ಲಿದವರು ಅಡಿಗೆಯ ಅರ್ಧ ರುಚಿಯನ್ನು ಚೆಲ್ಲಿದಂತೆ. ಅತ್ತ ಬಾಣಲೆಯಲ್ಲಿ ಶೇಂಗಾ ಎಣ್ಣೆ. ಅದರಲ್ಲಿ ಜಜ್ಜಿದ ಬೆಳ್ಳುಳ್ಳಿ ಎರಡು ಗಡ್ಡೆ, ಒಂದು ಕಿಲೋ ಹಣ್ಣಾದ ಟೊಮೆಟೊ, ಕೆಂಪುಖಾರ, ಉಪ್ಪು, ಚಿಟಿಕೆ ಬೆಲ್ಲ. ಎಣ್ಣೆ ಬೇರೆಯಾಗುವವರೆಗೆ ಕುದಿಸಿ, ಗಂಜಿ ಸೇರಿಸಿ, ಶಾವಿಗೆಯನ್ನು ಅದರೊಳಗೆ ಒಮ್ಮೆ ಹೊರಳಿಸಿ ಇಳಿಸಿದೆ. ಗಂಜಿಯ ಹಿಟ್ಟು ಎಣ್ಣೆಯನ್ನೂ ಹುಳಿಯನ್ನೂ ಕೂಡಿಸಿ ಎಳೆಗಳಿಗೆ ಅಂಟಿಸುತ್ತದೆ. ಚೀಸಿನ ಬದಲು ಮೇಲೆ ಉದುರಿಸಿದ್ದು ಶೇಂಗಾ ಹಿಂಡಿ.

ಮಗ ಮತ್ತು ಅವನ ತಂಗಿ ಸುಮ್ಮನಿರಲಿಲ್ಲ. ಬಾರಿ ನಗರದ ಹಳೆಯ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ಕುಳಿತು ಹೆಬ್ಬೆರಳಿನಿಂದ ಒತ್ತಿ ಮಾಡುವ ‘ಪುಟ್ಟ ಕಿವಿ’ಗಳ ವಿಷಯವನ್ನು ನಾನು ಹೇಳಿದ್ದೆ. ಮೊಟ್ಟೆ ಬೇಡ, ಯಂತ್ರ ಬೇಡ: ಎರಡು ಪಾಲು ಚಿರೋಟಿ ರವೆಗೆ ತೂಕದಲ್ಲಿ ಒಂದು ಪಾಲು ಬಿಸಿನೀರು, ಹತ್ತು ನಿಮಿಷ ನಾದುವುದು, ಅರ್ಧ ಗಂಟೆ ಒದ್ದೆ ಬಟ್ಟೆಯ ಕೆಳಗೆ ವಿಶ್ರಾಂತಿ. ಕಿರುಬೆರಳು ದಪ್ಪಕ್ಕೆ ಹೊಸೆದು, ಕತ್ತರಿಸಿ, ಹೆಬ್ಬೆರಳಿನಲ್ಲಿ ಒತ್ತಿದರೆ ಕಿವಿ ಸಿದ್ಧ. ಮಕ್ಕಳು ಮಾಡಿದ ಕಿವಿಗಳಲ್ಲಿ ಆನೆಯ ಕಿವಿಯಿಂದ ಇಲಿಯ ಕಿವಿಯವರೆಗೆ ಎಲ್ಲ ಪ್ರಾಣಿಗಳವೂ ಇದ್ದವು. ಸಣ್ಣವು ಕರಗುವಷ್ಟು ಬೆಂದರೂ ದೊಡ್ಡವು ನಡುವೆ ಹಸಿಯಾಗಿಯೇ ಉಳಿದವು. ಅದನ್ನೇ ಅವರು ಎಲ್ಲಕ್ಕಿಂತ ಹೆಚ್ಚು ಹೊಗಳಿ ತಿಂದರು. ನನ್ನ ತಾಯಿ ಕೆಂಪು ಶಾವಿಗೆಯನ್ನು ಅನುಮಾನದಿಂದ ನೋಡಿ, ಒಂದು ತುತ್ತು ಉಂಡು, “ಶಾವಿಗಿ ಛಲೋ ಅದ. ಮ್ಯಾಲಿಂದು ನೀ ಹಾಕಬಾರ್ದಿತ್ತು” ಎಂದರು. ಆದರೂ ತಟ್ಟೆಯಲ್ಲಿ ಏನೂ ಉಳಿಸಲಿಲ್ಲ. ಪಾತ್ರೆಗಳು ಹನ್ನೊಂದು, ಎಣಿಸಿದ್ದೇನೆ.

ಮರುದಿನ ರಂಜಾನಿನ ಶುಭಾಶಯ ಹೇಳಲು ರಾಮಸಮುದ್ರಕ್ಕೆ ಫೋನು ಮಾಡಿದೆ. ಖಾಲಾ ಮನೆಯಲ್ಲಿ ಬಂದವರ ಗದ್ದಲ. ಸುರಕುಂಬದ ಎರಡನೆಯ ಪಾತ್ರೆ ಒಲೆಯ ಮೇಲಿತ್ತಂತೆ. ವಿದ್ಯಾರ್ಥಿನಿ ಒಂದು ಸುದ್ದಿ ಹೇಳಿದಳು. ಹೋದ ವಾರ ಅವಳು ಮೊದಲ ಸಲ ತಾನೇ ಮಣೆಯ ಮೇಲೆ ಕುಳಿತು ಹೊಸೆದಳಂತೆ; ಎಳೆ ಹಗ್ಗದಂತೆ ಬಂತೆಂದು ಅಜ್ಜಿ ಅದನ್ನು ಬಿಸಿಲಿಗೆ ಹಾಕದೆ ಅಂದೇ ಬೇಯಿಸಿಬಿಟ್ಟರಂತೆ. ನಮ್ಮ ಮನೆಗೂ ಇನ್ನೊಂದು ಕಿಲೋ ಬೇಕಿತ್ತು, ಈ ಸಲ ಮಕ್ಕಳನ್ನೂ ಕರೆದುಕೊಂಡು ಬಂದು ಕೈಕೂಡಿಸುತ್ತೇವೆ, ಮಣೆ ಬಿಡುವಾಗಿದೆಯೇ ಎಂದು ಕೇಳಿದೆ. ಫೋನು ಅಜ್ಜಿಯ ಕೈಗೆ ಹೋಯಿತು.

“ಮಣಿ ಎಲ್ಲೈತ್ರಿ ಸರ! ಮದಿವಿ ಮನಿಯವರು ಒಯ್ದಾರ. ಅಲ್ಲಿಂದ ಹಿಂದಿನ ಓಣಿಯವ್ರು ಕೇಳ್ಯಾರ. ಅಕ್ಷತೃತೀಯಾ ಆಗೋತನ ಬರಂಗಿಲ್ಲ ನೋಡ್ರಿ.”